ಸಮಿತಿಯ ಮುಂದಿಟ್ಟ ಪ್ರೀತಿ

ಮೂರನೇ ತಿರುವಿನಲ್ಲೂ ಅವನು ನನ್ನ ಹಿಂದೆಯೇ ಇದ್ದ. ನಾನು ನಿಂತರೆ ನಿಲ್ಲುತ್ತಿದ್ದ, ನಡೆದರೆ ನಡೆಯುತ್ತಿದ್ದ. ಸರಿಯಾಗಿ ಎರಡು ಹೆಜ್ಜೆ ಅಂತರ. ನನಗೆ ಪಿತ್ತ ನೆತ್ತಿಗೇರಿತು. ಬಟ್ಟೆ ಅಳೆಯುವ ಮರದ ಸ್ಕೇಲು ಕೈಯಲ್ಲೇ ಇತ್ತು. ಅದನ್ನೇ ಎತ್ತಿ ಹಿಡಿದು ತಿರುಗಿದೆ.

"ಇನ್ನೊಂದು ಹೆಜ್ಜೆ ಇಟ್ಟರೆ ಕಾಲು ಮುರೀತೀನಿ!"

ಅವನು ಇಡಲಿಲ್ಲ. ತನ್ನ ನೀಲಿ ಜಾಕೆಟ್ಟಿನ ಮೇಲಿದ್ದ ಗುರುತಿನ ಚೀಟಿಯನ್ನು ಬೆರಳಿಂದ ತೋರಿಸಿದ. "ಕ್ಷಮಿಸಬೇಕು. ತಮ್ಮ ಸಮಿತಿಯೇ ಪತ್ರ ಬರೆದು ನನ್ನನ್ನು ಕರೆಸಿದೆ. ತಾವು ಹೋದಲ್ಲೆಲ್ಲ ಬರತಕ್ಕದ್ದು ನನ್ನ ಕೆಲಸ." ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತವನೆಂದು ಒಂದೇ ಮಾತಿಗೆ ಗೊತ್ತಾಯಿತು.

"ಯಾವ ಸಮಿತಿ? ಸಮಿತಿ ಕಾರ್ಯದರ್ಶಿನೇ ನಾನು!"

ಪತ್ರಕ್ಕೆ ಸಹಿ ಹಾಕಿದ್ದು ಅಧ್ಯಕ್ಷೆ. ಅಂದರೆ ನನ್ನ ಅತ್ತೆ, ಅಪ್ಪನ ತಂಗಿ. ನಾನು ಬೇಡ ಅನ್ನುತ್ತೇನೆಂದು ಗೊತ್ತಿದ್ದೇ ನನಗೆ ಹೇಳಿರಲಿಲ್ಲ. ಮನೆಗೆ ಹೋಗಿ ಕೂಗಾಡಿದರೆ ಅವಳು ತಣ್ಣಗೆ ಕೇಳಿದಳು: "ಹೋದ ತಿಂಗಳು ನಿನ್ನ ಭುಜಕ್ಕೆ ಕಲ್ಲು ಬಿತ್ತಲ್ಲ, ಅದೇನು ನಿನ್ನ ಕೇಳಿ ಬಿತ್ತಾ?"

ನಮ್ಮೂರಿನ ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ಗಲಾಟೆಯಲ್ಲಿ ಅಂಗಡಿಗಳು ಸುಟ್ಟಿದ್ದವು, ಇಬ್ಬರು ಸತ್ತಿದ್ದರು, ನಡುವೆ ಡ್ರಮ್ಮು ಮತ್ತು ಮುಳ್ಳುತಂತಿಯ ಅಡ್ಡಗಟ್ಟೆ ಎದ್ದಿತ್ತು. ಶಾಲೆ ಮೇಲೆ, ಮಾರುಕಟ್ಟೆ ಕೆಳಗೆ. ನನ್ನ ಟೈಲರ್ ಅಂಗಡಿ ಸರಿಯಾಗಿ ನಡುವೆ. ಎರಡೂ ಕಡೆಯ ಮಕ್ಕಳ ಯೂನಿಫಾರ್ಮ್ ಹೊಲಿಯುವವಳು ನಾನೊಬ್ಬಳೇ ಆದ್ದರಿಂದ, ಎರಡೂ ಬೀದಿಯವರು ಸೇರಿ ಕಟ್ಟಿದ ಶಾಂತಿ ಸಮಿತಿ ಪ್ರತಿ ಮಂಗಳವಾರ ಮಧ್ಯಾಹ್ನ ನನ್ನ ಕಟಿಂಗ್ ಟೇಬಲ್ಲಿನ ಸುತ್ತ ಕೂರುತ್ತಿತ್ತು. ಅಡ್ಡಗಟ್ಟೆ ತೆಗೆಸುವ ಒಪ್ಪಂದಕ್ಕೆ ಎರಡೂ ಕಡೆಯ ಸಹಿ ಬೀಳಬೇಕು. ನನಗೆ ಊಟ ನಿದ್ದೆಯಲ್ಲೂ ಅದೇ ಧ್ಯಾನ.

ಅವನ ಸಂಸ್ಥೆ ದೂರದೇಶದ್ದು. ನಮ್ಮಂಥ ಸಣ್ಣ ಗುಂಪುಗಳು ಕೇಳಿದರೆ ಜೊತೆಗೆ ಜನ ಕಳಿಸುತ್ತಾರೆ. ಲಾಠಿಯಿಲ್ಲ, ಬಂದೂಕಿಲ್ಲ. ಹೊರಗಿನವನೊಬ್ಬ ನೋಡುತ್ತಿದ್ದಾನೆ ಅಂದರೆ ಹೊಡೆಯುವ ಕೈ ಹಿಂಜರಿಯುತ್ತದೆ ಅನ್ನುವ ನಂಬಿಕೆ ಅವರದು. ನಿಯಮ ಮಾತ್ರ ಕಟ್ಟುನಿಟ್ಟು. ಮುಂದೆ ಬರಬಾರದು, ಸಲಹೆ ಕೊಡಬಾರದು, ತೀರ್ಮಾನ ಊರಿನವರದೇ.

ಅತ್ತೆ ಅವನಿಗೆ ಬಾಲ ಅಂತ ಹೆಸರಿಟ್ಟಳು. "ಎಲ್ಲೇ ನಿನ್ನ ಬಾಲ? ಇವತ್ತು ಕಾಣಿಸಲಿಲ್ಲ" ಅಂತ ಅವನಿಗೆ ಕೇಳುವ ಹಾಗೆಯೇ ಕೇಳುತ್ತಿದ್ದಳು.

ಅವನನ್ನು ಮಾತಿಗೆಳೆಯುವುದು ನನಗೊಂದು ಆಟವಾಯಿತು.

"ಈ ಅಂಗಿಗೆ ಬಿಳಿ ಗುಂಡಿ ಚೆನ್ನಾ, ಕಪ್ಪು ಚೆನ್ನಾ?"

"ಅದು ಊರಿನವರ ತೀರ್ಮಾನ."

"ಗುಂಡಿಗೂ ನಿಯಮನಾ?"

"ಗುಂಡಿಯಿಂದಲೇ ಶುರುವಾಗುತ್ತದೆ, ಮೇಡಂ."

ಮುಖ ಗಂಭೀರ, ಕಣ್ಣಿನ ಅಂಚಿನಲ್ಲಿ ಮಾತ್ರ ಮೂರು ಸಣ್ಣ ಗೆರೆ. ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ನಾನು ಆ ಗೆರೆಗಳನ್ನೇ ನೋಡುತ್ತಿದ್ದೆ. ಎಷ್ಟು ಹೊತ್ತಾದರೂ ದಾರ ಪೋಣಿಸಿ ಮುಗಿಯುತ್ತಿರಲಿಲ್ಲ.

ಅವನೇನು ಕಡಿಮೆಯಿರಲಿಲ್ಲ. ಬೀದಿಗೆ ಮುಖ ಮಾಡಿ ನಿಂತು, ಶೋಕೇಸಿನ ಗಾಜಿನಲ್ಲಿ ನನ್ನನ್ನು ನೋಡುತ್ತಿದ್ದ. ಒಂದು ದಿನ ಆ ಗಾಜಿನಲ್ಲೇ ಸಿಕ್ಕಿಬಿದ್ದ.

"ನೋಡುವುದೇ ನನ್ನ ಕೆಲಸ" ಅಂದ.

"ಬೀದಿ ನೋಡೋದು ನಿಮ್ಮ ಕೆಲಸ. ನನ್ನನ್ನಲ್ಲ."

ಅವನ ಕಿವಿ ಕೆಂಪಾಯಿತು. ಆ ದಿನ ನಾನು ಒಂದು ಅಂಗಿಗೆ ಎರಡೂ ಎಡಗೈ ತೋಳು ಹೊಲಿದು, ಕೂತು ಬಿಚ್ಚಿದೆ.

ಹೀಗೇ ಐದು ತಿಂಗಳು ಕಳೆಯಿತು. ಸಹಿಗೆ ಒಂದು ವಾರವಿತ್ತು. ಎಲ್ಲಿಂದ ತಂತಿ ಬಿಚ್ಚಬೇಕೆಂದು ನೋಡಲು ಅಡ್ಡಗಟ್ಟೆಯ ಹತ್ತಿರ ಹೋಗಿದ್ದೆವು. ಕೆಳಗಿನ ಬೀದಿಯ ಪರ ಸಹಿ ಹಾಕಬೇಕಾದ ಹಿರಿಯರು, ಅಂದರೆ ಮರ ಕೊಯ್ಯುವ ಸಾಮಿಲ್ಲಿನ ಯಜಮಾನರು, ಜೊತೆಗಿದ್ದರು. ಅವರ ಅಣ್ಣನ ಮಗ ಎಲ್ಲಿಂದಲೋ ಬಂದವನೇ, ಅಡ್ಡಗಟ್ಟೆ ಮುಟ್ಟಬೇಡಿ ಅಂತ ಕೂಗುತ್ತಾ ಕಬ್ಬಿಣದ ಸರಳು ಎತ್ತಿ ನನ್ನ ಮೇಲೆ ಬಂದ.

ಇಂಥ ಗಳಿಗೆಗೆಂದೇ ಸಮಿತಿಯವರೆಲ್ಲ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೆವು. ಕೈ ಕೆಳಗಿಡಬೇಕು, ಕಣ್ಣಲ್ಲಿ ಕಣ್ಣಿಡಬೇಕು, ಮೆಲ್ಲಗೆ ಹೆಸರು ಹಿಡಿದು ಕರೆಯಬೇಕು. ನನಗೆ ಹೆದರಿಕೆಯೂ ಇರಲಿಲ್ಲ. ಆ ಹುಡುಗನ ಮೊದಲ ಯೂನಿಫಾರ್ಮ್ ಹೊಲಿದವಳು ನಾನು. ಬಾಯಿ ತೆರೆಯುವಷ್ಟರಲ್ಲಿ ನೀಲಿ ಜಾಕೆಟ್ಟು ನನಗೆ ಅಡ್ಡ ಬಂತು. ಬಾಲ ಅವನನ್ನು ತಳ್ಳಿಯೇಬಿಟ್ಟ. ಬಿದ್ದವನ ಮೊಣಕೈ ತರಚಿ ರಕ್ತ ಬಂತು.

"ಪರದೇಶದ ಕಾವಲುಗಾರನನ್ನ ಇಟ್ಕೊಂಡು ನಮಗೆ ಶಾಂತಿ ಪಾಠ ಹೇಳ್ತೀಯಾ?" ಯಜಮಾನರು ಗುಡುಗಿದರು. "ನಮ್ಮ ಕಡೆ ಸಹಿ ಇಲ್ಲ. ಹೋಗು."

ತಿಂಗಳುಗಟ್ಟಲೆಯ ಕೆಲಸ ಒಂದೇ ಗಳಿಗೆಯಲ್ಲಿ ಮಣ್ಣುಪಾಲಾಯಿತು.

ಮರುದಿನ ಬೆಳಿಗ್ಗೆ ಅಂಗಡಿಗೆ ಬಂದವನನ್ನು ತರಾಟೆಗೆ ತೆಗೆದುಕೊಂಡೆ. ಅವನು ಎಲ್ಲವನ್ನೂ ನಿಂತು ಕೇಳಿಸಿಕೊಂಡ. ಎಲ್ಲ ಮುಗಿದ ಮೇಲೆ, "ನಾಲ್ಕು ದೇಶಗಳಲ್ಲಿ ಈ ಜಾಕೆಟ್ಟು ಹಾಕಿದ್ದೇನೆ. ಒಮ್ಮೆಯೂ ಮುಂದೆ ಬಂದವನಲ್ಲ" ಅಂದ.

"ಮತ್ತೆ ನಿನ್ನೆ?"

ಉತ್ತರದ ಬದಲು ಒಂದು ಕಾಗದ ಕೊಟ್ಟ. ತನ್ನ ಆಫೀಸಿಗೆ ಕಳಿಸಿದ್ದ ವರದಿಯ ಪ್ರತಿ, ನಮ್ಮ ಭಾಷೆಯಲ್ಲಿ. "ಅಪಾಯವನ್ನು ಅಂದಾಜು ಮಾಡಿ ನಾನು ಮುಂದೆ ಹೋದದ್ದಲ್ಲ. ಆಕೆಗೆ ಏಟು ಬೀಳುವುದನ್ನು ನೋಡಲಾರದೆ ಹೋದೆ. ನಾನು ಆಕೆಯನ್ನು ಪ್ರೀತಿಸುತ್ತೇನೆ. ಆದ್ದರಿಂದ ಇನ್ನು ಈ ಕೆಲಸಕ್ಕೆ ತಕ್ಕವನಲ್ಲ. ಬೇರೆಯವರನ್ನು ಕಳಿಸಬೇಕು."

ನಾನು ಎರಡು ಸಲ ಓದಿದೆ. ಎದೆಯೊಳಗೆ ಹೊಲಿಗೆ ಮೆಷಿನ್ ಓಡಿದ ಹಾಗಾಯಿತು.

"ಪ್ರೇಮಪತ್ರವನ್ನ ಆಫೀಸಿಗೆ ಕಳಿಸಿದ ಮೊದಲ ಗಂಡಸು ನೀನೇ ಇರಬೇಕು" ಅಂದೆ. ನೀವು ಹೋಗಿ ನೀನು ಆದದ್ದು ಅವನಿಗೂ ಕೇಳಿಸಿತು. ತಲೆಯೆತ್ತಿದ.

"ನಿನ್ನ ಉತ್ತರ?"

"ಮೊದಲು ಒಪ್ಪಂದ. ಈಗ ಸಾಮಿಲ್‌ಗೆ ಹೋಗ್ತಿದ್ದೀನಿ. ನೀನು ಬರಬೇಡ."

ಅವನ ಮುಖ ಬಿಳಿಚಿತು. "ಒಬ್ಬಳೇ?"

"ಒಬ್ಬಳೇ."

ಬಾಗಿಲ ಕಡೆ ನೋಡಿದ, ನನ್ನ ಕಡೆ ನೋಡಿದ. ಆಮೇಲೆ ಮೆಷಿನ್ ಮುಂದಿನ ಸ್ಟೂಲಿನ ಮೇಲೆ ಕೂತು, ಅದರ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. "ಸರಿ. ಇಲ್ಲೇ ಇರುತ್ತೇನೆ."

ನನಗಾಗಿ ಸರಳಿಗೆ ಎದೆಯೊಡ್ಡಿದಾಗ ನನಗೆ ಬರೀ ಸಿಟ್ಟು ಬಂದಿತ್ತು. ಹೀಗೆ ಸ್ಟೂಲು ಹಿಡಿದು ಕೂತಾಗ ನಾನು ಅವನನ್ನು ಪ್ರೀತಿಸಿದೆ.

ಸಾಮಿಲ್‌ನಲ್ಲಿ ಯಜಮಾನರು ಗರಗಸ ನಿಲ್ಲಿಸಲೂ ಇಲ್ಲ. "ಕಾವಲುಗಾರ ಎಲ್ಲಿ?" ಅಂತ ಅದರ ಸದ್ದಿನ ಮೇಲೆ ಕೂಗಿದರು.

ನಾನೂ ಕೂಗಿದೆ. "ಅಂಗಡೀಲಿ ಕೂರಿಸಿ ಬಂದೆ. ಯಜಮಾನ್ರೇ, ಅವನು ಅಡ್ಡ ಬಂದದ್ದು ಸಮಿತಿ ಹೇಳಿ ಅಲ್ಲ. ನನ್ನ ಮೇಲಿನ ಪ್ರೀತಿಯಿಂದ. ನನಗೂ ಅವನ ಮೇಲೆ ಪ್ರೀತಿ ಇದೆ. ತಪ್ಪು ನಮ್ಮಿಬ್ಬರದು, ಅದನ್ನ ಒಪ್ಪಂದದ ತಲೆಗೆ ಕಟ್ಟಬೇಡಿ."

ಗರಗಸ ನಿಂತಿತು. ಕೆಲಸದವರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಇದನ್ನ ಮೇಲಿನ ಬೀದಿಯವರ ಮುಂದೂ ಹೇಳ್ತೀಯಾ?" ಯಜಮಾನರು ಕೇಳಿದರು. "ನೀನು ಅವರಿಗೊಂದು ನಮಗೊಂದು ಹೇಳೋಳಲ್ಲ ಅಂತ ನಂಬಿದ್ದಕ್ಕೇ ನಾವು ನಿನ್ನ ಟೇಬಲ್ಲಿಗೆ ಬಂದದ್ದು."

"ಹೇಳ್ತೀನಿ."

"ಅವರು ಎದ್ದು ಹೋದರೆ?"

"ಹೋದರೆ ಮೊದಲಿಂದ ಶುರು ಮಾಡ್ತೀನಿ."

ಮಂಗಳವಾರ ಎಲ್ಲರೂ ಬಂದರು. ಬಾಲ ಮೊದಲು ಯಜಮಾನರ ಅಣ್ಣನ ಮಗನ ಕ್ಷಮೆ ಕೇಳಿದ. ಹುಡುಗ ಬ್ಯಾಂಡೇಜು ಸವರಿಕೊಂಡು, "ನಾನೂ ಸರಳು ಎತ್ತಬಾರದಿತ್ತು" ಅಂದ. ಆಮೇಲೆ ನಾನು ಎದ್ದು ನಿಂತು, ಸಾಮಿಲ್‌ನಲ್ಲಿ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ನನಗೂ ಪ್ರೀತಿ ಇದೆ ಅಂದಾಗ ಬಾಲನ ಕೈಯಲ್ಲಿದ್ದ ಟೀ ತುಳುಕಿತು. ನಾನು ಆ ಕಡೆ ನೋಡಲಿಲ್ಲ. ನೋಡಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಮೇಲಿನ ಬೀದಿಯ ಪರ ಸಹಿ ಹಾಕಬೇಕಿದ್ದ ನರ್ಸಮ್ಮ ಕನ್ನಡಕ ತೆಗೆದು ಒರೆಸಿಕೊಂಡರು.

"ಇಷ್ಟೇನಾ? ನಮ್ಮ ಬೀದಿಗೆ ಮೂರು ತಿಂಗಳಿಂದ ಗೊತ್ತು."

"ನಮಗೆ ನಾಲ್ಕು ತಿಂಗಳಿಂದ" ಅಂದರು ಯಜಮಾನರು.

"ಸುಳ್ಳು. ಮೊದಲು ನೋಡಿದ್ದು ನಾವೇ."

"ಗೊತ್ತಿದ್ದೂ ಕಾವಲುಗಾರ ಅಂತ ಬೈದ್ರಾ?" ಅತ್ತೆ ಯಜಮಾನರನ್ನು ಹಿಡಿದುಕೊಂಡಳು.

"ಇವಳ ಬಾಯಿಂದಲೇ ಬರಲಿ ಅಂತಿದ್ದೆ. ಮುಚ್ಚಿಟ್ಟಿದ್ದರೆ ಸಹಿ ಹಾಕ್ತಿರಲಿಲ್ಲ."

ಯಾರು ಮೊದಲು ನೋಡಿದ್ದು ಅಂತ ಎರಡು ಬೀದಿಗಳೂ ಕಾಲು ಗಂಟೆ ಜಗಳವಾಡಿದವು. ನಗುತ್ತಾ ಆಡಿದ ಜಗಳ. ಅದರ ನಡುವೆಯೇ ಯಜಮಾನರು ಪೆನ್ನು ಕೇಳಿದರು, ನರ್ಸಮ್ಮ ಕೊಟ್ಟರು. ಎರಡೂ ಸಹಿ ಬಿದ್ದವು. ನನ್ನ ಕಣ್ಣು ತುಂಬಿತು, ನಾನೇನೂ ಮುಚ್ಚಿಕೊಳ್ಳಲಿಲ್ಲ.

"ನಿನ್ನ ಕಥೆ ಏನಪ್ಪಾ?" ಅತ್ತೆ ಬಾಲನನ್ನು ಕೇಳಿದಳು.

ಅವನು ಜಾಕೆಟ್ಟು ಬಿಚ್ಚಿ ಮಡಚಿ ಟೇಬಲ್ಲಿನ ಮೇಲಿಟ್ಟ. "ಸೋಮವಾರ ಬೇರೆಯವರು ಬರ್ತಾರೆ. ನನಗೀಗ ಇಲ್ಲಿ ಕೆಲಸ ಇಲ್ಲ, ಇರೋಕೆ ಮನೆ ಇಲ್ಲ. ಆದರೂ ಹೋಗೋ ಮನಸ್ಸಿಲ್ಲ."

"ತಳ್ಳೋ ಶಕ್ತಿ ಇದೆಯಲ್ಲ, ನಾಳೆಯಿಂದ ಸಾಮಿಲ್‌ಗೆ ಬಾ" ಅಂದರು ಯಜಮಾನರು.

"ನಮ್ಮ ಮಹಡಿ ಮೇಲಿನ ರೂಮು ಖಾಲಿ ಇದೆ" ಅಂದ ನರ್ಸಮ್ಮ ತಟ್ಟನೆ ಹುಬ್ಬೇರಿಸಿದರು. "ಮನೆ ಮೇಲಿನ ಬೀದಿ, ಕೆಲಸ ಕೆಳಗಿನ ಬೀದಿ. ನಾಳೆ ಬೆಳಿಗ್ಗೆ ಇವನು ಹೋಗೋದು ಹೇಗೆ? ಏಳ್ರಿ ಎಲ್ಲರೂ, ಅಡ್ಡಗಟ್ಟೆ ಇವತ್ತೇ ತೆಗೀಬೇಕು."

ಎಲ್ಲರೂ ಎದ್ದರು. ಯಾರೋ ತಂತಿ ಕತ್ತರಿಸುವ ಇಕ್ಕಳ ತಂದರು. ಮೊದಲ ಡ್ರಮ್ಮಿನ ಒಂದು ಕಡೆ ಅವನು ಹಿಡಿದ, ಇನ್ನೊಂದು ಕಡೆ ನಾನು. ಒಳಗೆ ಮರಳು ತುಂಬಿ ಕಲ್ಲಾಗಿತ್ತು. ಅವನು ಏದುಸಿರು ಬಿಡುತ್ತಿದ್ದ.

"ನನ್ನ ಮದುವೆ ಆಗ್ತೀಯಾ?" ಅಂತ ಕೇಳಿದೆ.

ಡ್ರಮ್ಮು ಅವನ ಕೈಜಾರಿ ಧಡ್ ಅಂತ ಬಿತ್ತು. ಬೀದಿಯವರೆಲ್ಲ ತಿರುಗಿ ನೋಡಿದರು.

"ಆಗ್ತೀನಿ" ಅಂದ, ಕಣ್ಣು ಒರೆಸಿಕೊಳ್ಳುತ್ತಾ. "ಆದರೆ ಮೊದಲು ಇದನ್ನ ಎತ್ತೋಣ. ಹಿಂದೆ ಜನ ಕಾಯ್ತಿದ್ದಾರೆ."