ನೀರದವನ ಕೇಳಿದ ಬೆಳಕು

ಮಧ್ಯಾಹ್ನ ಮೂರಾಗುತ್ತಿದ್ದಂತೆ ದೀಪ ತನ್ನಷ್ಟಕ್ಕೇ ಮಂಕಾಯಿತು. ಮೊದಲು ನೀಲಿ ಇಳಿಯಿತು, ಆಮೇಲೆ ಬಿಳಿ. ಉಳಿದದ್ದು ಕಡಕ್ ಚಹಾಕ್ಕೆ ನಾಲ್ಕು ಹನಿ ಹಾಲು ಬಿಟ್ಟಂಥ ಕಂದು ಬೆಳಕು. ಗಾಜಿನ ತೊಟ್ಟಿಯ ನೀರೊಳಗೆ ನೀರದವನದ ಗಿಡ ಹಾಯಾಗಿ ಎಲೆ ಚಾಚಿಕೊಂಡಿತ್ತು. ಅದರೆದುರು ಸನ್ನಿಧಿ ಮಾತ್ರ ಹಲ್ಲು ಕಚ್ಚಿ ಕೂತಿದ್ದಳು.

ದೀಪ ಅವಳೇ ಮಾಡಿದ್ದು. ಧಾರವಾಡದ ಮನೆಯ ಹಿಂದಿನ ಕೋಣೆಯಲ್ಲಿ, ಹಳೆಯ ಕಿಟಕಿಯ ಅಲ್ಯುಮಿನಿಯಂ ಪಟ್ಟಿಗೆ ಬಿಳಿ, ನೀಲಿ, ಕೆಂಪು, ಹಳದಿ ಎಲ್‌ಇಡಿಗಳನ್ನು ಕೂಡಿಸಿ, ಬಿಸಿ ಹೊರಹೋಗಲೆಂದು ಗುಜರಿ ಕಂಪ್ಯೂಟರಿನ ಫ್ಯಾನು ಜೋಡಿಸಿದ್ದಳು. ಅಷ್ಟರಮಟ್ಟಿಗೆ ಅದು ಯಾರು ಬೇಕಾದರೂ ಕಟ್ಟಿಕೊಳ್ಳಬಹುದಾದ ಮೀನುತೊಟ್ಟಿಯ ದೀಪವೇ. ಹೊಸದೆಂದರೆ ನಡುವೆ ಇದ್ದ ಹುರುಳಿಕಾಳಿನಷ್ಟು ಸಂವೇದಕ. ಎಲೆಯ ಮೇಲೆ ಅದು ಅರಗಿಸಿಕೊಳ್ಳಲಾರದಷ್ಟು ಬೆಳಕು ಬಿದ್ದರೆ, ಮಿಕ್ಕದ್ದರಲ್ಲಿ ಒಂದಿಷ್ಟನ್ನು ಎಲೆ ನಮ್ಮ ಕಣ್ಣಿಗೆ ಕಾಣದಷ್ಟು ಮಂದವಾದ ಕೆಂಪು ಹೊಳಪಾಗಿ ಹೊರಗೆ ಬಿಡುತ್ತದೆ. ಸಂವೇದಕ ಆ ಹೊಳಪನ್ನು ಅಳೆಯುತ್ತದೆ, ದೀಪ ಅದಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತದೆ. ಎಂದರೆ ಗಿಡ ತನಗೆ ಬೇಕಾದ ಬೆಳಕನ್ನು ತಾನೇ ಕೇಳಿ ಪಡೆಯುತ್ತದೆ. ಅವಳಿಂದ ಕಲಿತು ಓಣಿಯ ಹೆಂಗಸರು ಆಗಲೇ ಅಡಿಗೆಮನೆಯಲ್ಲಿ ಮೆಂತ್ಯ, ಕೊತ್ತಂಬರಿ ಬೆಳೆದುಕೊಳ್ಳುತ್ತಿದ್ದರು.

ಸನ್ನಿಧಿಯ ಜೀವವೆಲ್ಲ ಇದ್ದದ್ದು ನೀರದವನದ ಮೇಲೆ. ಊರಾಚೆಯ ಗೊಂಡನಕೆರೆಯಲ್ಲಿ ಒಂದು ಕಾಲಕ್ಕೆ ಹಾಸಿಕೊಂಡು ಬೆಳೆಯುತ್ತಿದ್ದ ಆ ಗಿಡ ಈಗ ಉಳಿದದ್ದು ಇದೊಂದೇ. ಇದಕ್ಕೂ ವಯಸ್ಸಾಗಿತ್ತು. ಈ ಸಲ ಹೂಬಿಟ್ಟು ಬೀಜ ಕಟ್ಟದಿದ್ದರೆ ಅದರ ವಂಶವೇ ಮುಗಿದಂತೆ. ಹೋದ ವಾರ ದೀಪವೇ ಕೆಟ್ಟಿದೆಯೆಂದು ತಿಳಿದು, ಮೂರರ ಮಂಕನ್ನು ತಡೆದು ಪೂರ್ತಿ ಬೆಳಕು ಕೊಟ್ಟಿದ್ದಳು. ಮೊಗ್ಗುಗಳು ಸುಟ್ಟು ಉದುರಿದವು. ಉಳಿದದ್ದು ಒಂದೇ ಒಂದು. ಕೈಯಾರೆ ಕೊಂದೆನಲ್ಲ ಎಂದು ಅವಳಿಗೆ ಅನ್ನ ಸೇರಿರಲಿಲ್ಲ. ಈಗ ದೀಪವನ್ನು ಮುಟ್ಟುವ ಧೈರ್ಯವಿಲ್ಲ, ನಂಬುವ ಧೈರ್ಯವೂ ಇಲ್ಲ.

ಅಷ್ಟರಲ್ಲಿ ಗುರುಶಾಂತ ಕಾಕಾ ಬಂದರು. ಅವಳ ಅಪ್ಪನ ತಮ್ಮ, ಗೊಂಡನಕೆರೆ ಉಳಿಸುವ ಸಮಿತಿಯ ಅಧ್ಯಕ್ಷರು. ಎಂಬತ್ತು ದಾಟಿದರೂ ಕೆರೆಯ ಗೇಟಿನ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ.

“ಏನವಾ, ಕರೆಂಟ್ ಡಿಮ್ ಆಗೇತೇನು?”

“ಇಲ್ಲ ಕಾಕಾ. ಗಿಡಾನ ಹಿಂಗ ಬೇಕಂತೈತಿ. ದಿನಾ ಇದ ಹೊತ್ತಿಗೆ. ಯಾಕಂತ ತಿಳೀವಲ್ದು ನನಗ.”

ಕಾಕಾ ತೊಟ್ಟಿಯತ್ತ ಬಗ್ಗಿದರು.

“ಈ ಬಣ್ಣ ನಾ ನೋಡೀನಿ,” ಎಂದರು. “ಎಮ್ಮಿ ಇಳದಾಗ ಕೆರಿ ನೀರು ಹಿಂಗ ಕಾಣತಿತ್ತು. ಗವಳ್ಯಾರು ಮೂರರ ಸುಮಾರಿಗೆ ಹೊಡಕೊಂಡು ಬರತಿದ್ರು. ಇಡೀ ಕೆರಿ ರಾಡಿ ಏಳತಿತ್ತು. ಅದನ್ನ ನೋಡಲಾರದಕ್ಕ ಅಲ್ಲೇನವಾ ನಾವು ಬೇಲಿ ಹಾಕಿಸಿದ್ದು?”

ಆ ಬೇಲಿ ಸನ್ನಿಧಿಗೆ ಗೊತ್ತು. ನಾವು ನೀವು ಇವತ್ತು ಕೆರೆಗಳ ಸುತ್ತ ಸಂಭ್ರಮದಿಂದ ಹಾಕಿಸುತ್ತಿರುವಂಥದೇ ತಂತಿಬೇಲಿ, ಪಕ್ಕದಲ್ಲಿ ವಾಕಿಂಗಿನ ದಾರಿ, ನಡುನಡುವೆ ಬೆಂಚು. ‘ಜಾನುವಾರುಗಳಿಗೆ ಪ್ರವೇಶವಿಲ್ಲ’ ಎಂಬ ಬೋರ್ಡಿಗೆ ನೀಲಿ ಬಣ್ಣ ಬಳಿದವಳು ಆಗ ಶಾಲೆಯ ಹುಡುಗಿಯಾಗಿದ್ದ ಸನ್ನಿಧಿಯೇ. ನೀರು ತಳದ ಕಲ್ಲು ಕಾಣುವಷ್ಟು ತಿಳಿಯಾಯಿತು, ಊರೆಲ್ಲ ಹೊಗಳಿತು. ನೀರದವನ ವರ್ಷವರ್ಷಕ್ಕೆ ಕಡಿಮೆಯಾದದ್ದಕ್ಕೂ ಬೇಲಿಗೂ ಸಂಬಂಧವಿದ್ದೀತೆಂದು ಯಾರಿಗೂ ಹೊಳೆಯಲಿಲ್ಲ. ರಾಡಿಯ ಮರೆ ಹೋದಮೇಲೆ ಬಿಸಿಲು ನೇರವಾಗಿ ಮೊಗ್ಗಿಗೇ ಬಡಿದಿತ್ತು. ಕೆರೆಯಿಂದ ತಂದ ಬೀಜದಿಂದ ತೊಟ್ಟಿಯಲ್ಲೇ ಹುಟ್ಟಿದ ಈ ಗಿಡ ಎಮ್ಮೆಯನ್ನು ಕಂಡದ್ದೇ ಇಲ್ಲ. ಆದರೂ ಅದರೊಳಗಿನ, ಜೀವಕಣಗಳೇ ನಡೆಸುವ ಗಡಿಯಾರ ಮೂರಾದರೆ ಎಮ್ಮೆಗಳ ದಾರಿ ಕಾಯುತ್ತಿತ್ತು.

ಅವಳು ದೀಪವನ್ನು ನಂಬಿದಳು. ಕೆಲವೇ ದಿನಗಳಲ್ಲಿ ಉಗುರಿನಷ್ಟಗಲದ ಬಿಳಿ ಹೂವು ಅರಳಿತು. ಸನ್ನಿಧಿ ತೊಟ್ಟಿಯ ಗಾಜಿಗೆ ಹಣೆಯಾನಿಸಿ ಅತ್ತುಬಿಟ್ಟಳು. ಅಷ್ಟು ಸಂತೋಷವಾಗಿತ್ತು ಅವಳಿಗೆ.

ಬೀಜ ಬಲಿತಾಗ ಕಾಕಾ ಹುಮ್ಮಸ್ಸಿನಿಂದ ಕೇಳಿದರು: “ಕೆರಿ ತುಂಬ ನಿನ್ನ ದೀಪ ಹಾಕಸೂಣೇನು?”

“ಅಷ್ಟು ದೊಡ್ಡ ಸೂರ್ಯಾ ಇರಬೇಕಾದ್ರ ದೀಪ ಯಾಕ ಕಾಕಾ? ಗೇಟಿನ ಕೀಲಿ ಕೊಡ್ರಿ.”

“ನಲವತ್ತು ವರ್ಷ ಕಾದೀನಿ ಆ ನೀರನ್ನ. ರಾಡಿ ಮಾಡಂತೀಯಾ?”

ಕಾಕಾ ಸಿಟ್ಟಿನಿಂದ ಎದ್ದು ಹೋದರು. ಹಲವು ದಿನ ಈ ಕಡೆ ತಲೆಹಾಕಲಿಲ್ಲ. ಒಂದು ಬೆಳಿಗ್ಗೆ ಬಂದವರು ಕೀಲಿಯನ್ನು ತೊಟ್ಟಿಯ ಪಕ್ಕದಲ್ಲಿಟ್ಟು, ಚಹಾ ಕೂಡ ಕುಡಿಯದೆ ಹೋದರು.

ಬೀಜ ಬಿತ್ತಿದ ಮರುವರ್ಷ ಕೆರೆಯ ಗಿಡಗಳಲ್ಲಿ ಮೊಗ್ಗು ಮೂಡಿತು. ಆಗ ಶುರುವಾಯಿತು ಎಮ್ಮೆಗಾಗಿ ಹುಡುಕಾಟ. ಗವಳಿಗಳ ಮಕ್ಕಳು ಎಮ್ಮೆ ಸಾಕುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಕೊನೆಗೆ ಬಹುಮಹಡಿಯ ಡೇರಿಯೊಂದರಿಂದ ಒಂದು ಎಮ್ಮೆ ಸಿಕ್ಕಿತು. ಸಿಮೆಂಟಿನ ನೆಲದ ಮೇಲೆ ಹುಟ್ಟಿ, ನಲ್ಲಿಯ ನೀರು ಕುಡಿದು ಬೆಳೆದದ್ದು. ತೆರೆದ ಗೇಟಿನಲ್ಲಿ ನಡೆದುಬಂದು ದಂಡೆಯಲ್ಲಿ ನಿಂತುಬಿಟ್ಟಿತು. ನೀರನ್ನು ಮೂಸಿತು, ಬೆದರಿ ಹಿಂದಕ್ಕೆ ಸರಿಯಿತು. ಎಳೆದರೂ ಬರಲಿಲ್ಲ, ಗದರಿದರೂ ಬರಲಿಲ್ಲ. ಬಿಸಿಲು ಮೊಗ್ಗುಗಳ ಮೇಲೆ ಸುರಿಯುತ್ತಿತ್ತು.

ಸನ್ನಿಧಿ ಚಪ್ಪಲಿ ಕಳಚಿದಳು. ಪ್ಯಾಂಟನ್ನು ಮೊಳಕಾಲ ತನಕ ಮಡಚಿ, ಹಗ್ಗ ಹಿಡಿದು ತಾನೇ ಮೊದಲು ನೀರಿಗಿಳಿದಳು. ತಿರುಗಿ ನಿಂತು ಮೆಲ್ಲಗೆ ಕರೆದಳು. ಎಮ್ಮೆ ಒಂದು ಕಾಲಿಟ್ಟಿತು, ತಡೆದು ಇನ್ನೊಂದನ್ನಿಟ್ಟಿತು. ತಳದ ಕೆಸರೆದ್ದು ಅವರಿಬ್ಬರ ಸುತ್ತಲೂ ಕಂದಾಗಿ ಹರಡತೊಡಗಿತು.

ಬೆಂಚಿನ ಮೇಲೆ ಕೂತಿದ್ದ ಕಾಕಾ ಕೋಲೂರಿ ಎದ್ದು ದಂಡೆಗೆ ಬಂದರು.

“ಇನ್ನಷ್ಟ ಮುಂದ ಕರಕೊಂಡು ಹೋಗವಾ. ಅಲ್ಲೆ ನೀರು ಇನ್ನೂ ತಿಳಿ ಐತಿ.”