ಉಳಿದುಹೋದ ರೌಟರ್

ಬೆಳಿಗ್ಗೆ ಮಕ್ಕಳ ಆಸ್ಪತ್ರೆಯ ನೆಟ್‌ವರ್ಕ್ ಸತ್ತುಬಿದ್ದಿತು. ವಾರ್ಡಿನಿಂದ ಡಾಕ್ಟರಿಗೆ ಒಂದೂ ಕರೆ ಹೋಗಲಿಲ್ಲ, ನರ್ಸುಗಳು ಮೆಟ್ಟಿಲು ಹತ್ತಿಳಿದು ಸುಸ್ತಾದರು. ಆ ನೆಟ್‌ವರ್ಕ್ ನಡೆಸುವ ತಂತ್ರಾಂಶ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶ. ಕೇಬಲ್ ಎಳೆಯುವ ಗಿಡ್ಡಣ್ಣ ತನ್ನ ದೊಡ್ಡಮ್ಮನನ್ನು ಅದನ್ನು ನೋಡಿಕೊಳ್ಳುವ ತಂಡದ ಕೋಣೆಗೆ ಕರೆತಂದಾಗ, ತಂತ್ರಾಂಶವನ್ನು ಕನ್ನಡಕ್ಕೆ ತರುತ್ತಿದ್ದ ಅನುವಾದಕಿಯನ್ನು ಹೊರಹಾಕುವ ಮಾತು ನಡೆದಿತ್ತು. ಅಲ್ಲಿ ಏನೇ ಗೋಜಲಾದರೂ ಬಿಡಿಸುವವಳು ದೊಡ್ಡಮ್ಮನೇ.

ನೆಟ್‌ವರ್ಕ್ ಹಂಚುವ ಯಂತ್ರಕ್ಕೆ ಒಬ್ಬರು ರೌಟರ್, ಇನ್ನೊಬ್ಬರು ರೂಟರ್ ಎಂದು ಬರೆಯುತ್ತಿದ್ದರು; ಇಂಥ ಪದಗಳನ್ನೆಲ್ಲ ಒಂದೇ ರೀತಿಗೆ ತರಲು ಅನುವಾದಕಿ ಎಲ್ಲರ ಕಾಲು ಹಿಡಿದಿದ್ದಳು. ಕಡೆಗೆ ತಂಡ ರೂಟರಿಗೆ ಒಪ್ಪಿತು. ರೌಟರೇ ಇರಲಿ ಎಂದಿದ್ದ ಪರೀಕ್ಷಕ ಮಾತ್ರ ಮುಖ ಗಂಟಿಕ್ಕಿಕೊಂಡ; ಏನೇ ತಿದ್ದಿದರೂ ಆಸ್ಪತ್ರೆಗೆ ಕಳಿಸುವ ಮುನ್ನ ಓಡಿಸಿ ನೋಡಬೇಕಾದವನು ಅವನೇ. ನಿನ್ನೆ ಬೆಳಿಗ್ಗೆ ಅವಳು ತಿದ್ದಿ ಕೊಟ್ಟದ್ದರಲ್ಲಿ ಒಂದು ಕಡೆ ಹಳೆಯ ರೌಟರ್ ಉಳಿದುಹೋಗಿ, ಹುಡುಕಿದ ಹೆಸರು ಸಿಗದೆ ಆಸ್ಪತ್ರೆಯ ಯಂತ್ರ ನಿಂತಿತ್ತು.

"ನಿನ್ನೆ ಮಧ್ಯಾಹ್ನವೆಲ್ಲ ಪರೀಕ್ಷೆ ಮಾಡೋ ಹಳೇ ಕಂಪ್ಯೂಟರ್ ಪೆಟ್ಟಿಗೆ ಮೇಲೆ ಓಡಿಸಿ ನೋಡಿದೀನಿ, ಸರಿಯಾಗೇ ಇತ್ತು. ಆಮೇಲೆ ಇವಳೇ ಕೈಯಾಡಿಸಿದಾಳೆ," ಎಂದ ಪರೀಕ್ಷಕ.

ಗಿಡ್ಡಣ್ಣನಿಗೆ ಮೈಯೆಲ್ಲ ಉರಿಯಿತು. ಸಿಟ್ಟು ಬಂದರೆ ಅವನಿಗೆ ಟೀ ಬೇಕು. ಪರೀಕ್ಷೆಯ ಪೆಟ್ಟಿಗೆಯ ವೈರು ಕಿತ್ತು ಕೆಟಲಿನದನ್ನು ಸಿಕ್ಕಿಸಿದ. ಕೋಣೆಗಿದ್ದದ್ದು ಅದೊಂದೇ ಪ್ಲಗ್ ಪಾಯಿಂಟ್. ಪೆಟ್ಟಿಗೆ ಓಡುವಷ್ಟು ಹೊತ್ತು ಯಾರಿಗೂ ಟೀ ಇಲ್ಲವೆಂಬುದು ಅಲ್ಲಿಯ ಹಳೆಯ ಗೊಣಗಾಟ.

ದೊಡ್ಡಮ್ಮ ಅವನ ಕೈಯನ್ನೇ ನೋಡುತ್ತಿದ್ದಳು. "ನಿನ್ನೆ ಮಧ್ಯಾಹ್ನ ಟೀ ಮಾಡಿದ್ಯೇನೋ?"

"ಜಗಳ ಮುಗೀತಲ್ಲ ಅಂತ ಎಲ್ಲರೂ ಕುಡಿದಿದ್ದೇ ಕುಡಿದಿದ್ದು. ಊಟ ಆದಾಗಿಂದ ಕತ್ತಲಾಗೋ ತನಕ ಕೆಟಲ್ ತೆಗೆದೇ ಇಲ್ಲ..." ಹೇಳುತ್ತಿದ್ದಂತೆ ಗಿಡ್ಡಣ್ಣನಿಗೇ ಹೊಳೆಯಿತು. ಥೂ, ತಾನೇ ಲೋಟ ತುಂಬಿಸಿ ಕೊಟ್ಟಿದ್ದನಲ್ಲ ಆ ಪರೀಕ್ಷಕನಿಗೆ!

ದೊಡ್ಡಮ್ಮ ಎಲ್ಲರನ್ನೂ ಕೂರಿಸಿ ಬಿಡಿಸಿ ಹೇಳಿದಳು. ಕೆಟಲ್ ಕಾದಿದ್ದರೆ ಪೆಟ್ಟಿಗೆ ಓಡಿಲ್ಲ. ಓಡಿದ್ದರೆ ಉಳಿದ ಪದ ಆಗಲೇ ಸಿಗುತ್ತಿತ್ತು. ಆಮೇಲೆ ಅವಳು ಕೈಯಾಡಿಸಿದಳೆಂಬುದಕ್ಕೂ ಆಧಾರ ಅವನ ಸುಳ್ಳೊಂದೇ. ತಪ್ಪು ಮೊದಲೇ ಇತ್ತು, ನೋಡಬೇಕಾದವನು ನೋಡಲಿಲ್ಲ.

"ಇವಳಿಂದ ತಪ್ಪಾಗಿದೆ, ನಿಜ. ಅದನ್ನ ಹಿಡೀಲಿ ಅಂತಾನೇ ನಿನ್ನ ಕೂರಿಸಿರೋದು. ನಿನ್ನ ಮಾತು ನಡೀಲಿಲ್ಲ ಅಂತ ಮುಟ್ಟಿಯೂ ನೋಡದೆ ಆಸ್ಪತ್ರೆಗೆ ಕಳಿಸಿದೆಯಲ್ಲೋ!"

"ಎಲ್ಲರೂ ಅವಳ ತಾಳಕ್ಕೇ ಕುಣಿದ್ರಿ," ಎಂದು ಗೊಣಗಿದ ಅವನು. ಅನುವಾದಕಿ ಇರಲಿ, ಅವನು ಹೋಗಲಿ ಎಂದಿತು ತಂಡ. ಪರೀಕ್ಷಕ ಅನುವಾದಕಿಯತ್ತ ತಿರುಗಿ ತಪ್ಪಾಯಿತು ಎನ್ನಲು ಬಾಯಿ ತೆರೆದ.

"ನನಗೆ ಹೇಳಬೇಡಿ," ಎಂದಳು ಅವಳು. "ಆಸ್ಪತ್ರೆ ಮೆಟ್ಟಿಲು ಹತ್ತಿ, ನರ್ಸುಗಳಿಗೆ ಹೇಳಿ ಬನ್ನಿ."

ಅವಳು ಉಳಿದ ಪದ ತಿದ್ದಲು ಕುಳಿತಳು. ಗಿಡ್ಡಣ್ಣ ಕೆಟಲಿನ ವೈರು ಕಿತ್ತು ಪೆಟ್ಟಿಗೆಯದನ್ನು ಸಿಕ್ಕಿಸಿದ. ಆ ದಿನ ಯಾರೂ ಟೀ ಕೇಳಲಿಲ್ಲ.