ಡಬ್ಬಿಯೊಳಗಿನ ಅರ್ಧ ರೊಟ್ಟಿ

ಚದುರಂಗ ಪಂದ್ಯದ ಕೊನೆಯ ಸುತ್ತಿನ ಜೋಡಿಗಳನ್ನು ಓದುತ್ತಿದ್ದಾಗಲೇ, ಆಟಗಾರರ ಚೀಲಗಳಿದ್ದ ಪಕ್ಕದ ಕೋಣೆಯಲ್ಲಿ ಮೊಬೈಲು ಹೊಡೆದುಕೊಳ್ಳತೊಡಗಿತು. ನಿಪ್ಪಾಣಿಯ ಆ ಮಂಗಲ ಕಾರ್ಯಾಲಯದಲ್ಲಿ ಬೆಳಿಗ್ಗೆಯೇ ಎಲ್ಲ ಆಟಗಾರರ ಮೊಬೈಲು ಇಸಿದುಕೊಂಡು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದರು. ಸದ್ದಿನ ಬೆನ್ನು ಹತ್ತಿ ಹೋದ ನಿರ್ಣಾಯಕ ಸುರಜ ಒಂದು ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದ. ಅದು ಭಾವುಸಾಹೇಬರ ಡಬ್ಬಿ.

ಮುಚ್ಚಳ ತೆಗೆದರೆ ಅರ್ಧ ಜೋಳದ ರೊಟ್ಟಿ, ಅದರ ಮೇಲೆ ಒಂದಿಷ್ಟು ಹೆಸರುಕಾಳಿನ ಪಲ್ಯ. ರೊಟ್ಟಿಯ ಕೆಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹಳೆಯ ಮೊಬೈಲು. ಅದರಲ್ಲಿ ಮುಂದಿನ ನಡೆ ಹೇಳಿಕೊಡುವ ಚದುರಂಗದ ಆ್ಯಪು ತೆರೆದಿತ್ತು, ಭಾವುಸಾಹೇಬರ ಐದನೇ ಸುತ್ತಿನ ಆಟ ಕಾಯಿಗೆ ಕಾಯಿ ಹಾಗೆಯೇ ನಿಂತಿತ್ತು.

"ಆಟದ ನಡುವ ನೀರು ಕುಡಿಯಾಕಂತ ಒಳಗ ಹೋಗತಿದ್ರಿ. ಕಾಕಾ, ಏನ್ರಿ ಇದು?" ಎಂದ ಸುರಜ. ಅವನ ದನಿಯಲ್ಲೂ ನೋವಿತ್ತು.

ಬೇಡಕಿಹಾಳದ ಭಾವುಸಾಹೇಬರಿಗೆ ಎಪ್ಪತ್ತು ದಾಟಿದೆ. ಒಂದು ಕಾಲದ ರಾಜ್ಯ ಚಾಂಪಿಯನ್. ರ್‍ಯಾಪಿಡ್ ಎಂಬ ಈ ಅವಸರದ ಆಟ ಮುದುಕರದ್ದಲ್ಲ, ಗಡಿಯಾರ ಒತ್ತುವಷ್ಟರಲ್ಲಿ ಇವರಿಗೆ ತೂಕಡಿಕೆ ಬರುತ್ತದೆ ಎಂದು ನಕ್ಕವರನ್ನೆಲ್ಲ ಅಂದು ಒಬ್ಬೊಬ್ಬರಾಗಿ ಸೋಲಿಸಿದ್ದರು. ಉಳಿದದ್ದು ಒಂದೇ ಆಟ. ಎದುರಾಳಿ, ಅವರನ್ನು ಬಿಟ್ಟು ಕೊಲ್ಲಾಪುರದ ಕ್ಲಾಸಿಗೆ ಹೋದ ಅವರದೇ ಹಳೆಯ ಶಿಷ್ಯ ಅಭಿನಂದನ. ಗೆದ್ದವರಿಗೆ ಬಹುಮಾನದ ಕಪ್ಪು. ಮೋಸವೆಂದು ತೀರ್ಮಾನವಾದರೆ ಆಡದೆಯೇ ಅದು ಅಭಿನಂದನನಿಗೆ.

"ಕಪ್ಪು ಹೋದ್ರ ಹೋಗ್ಲಿ," ಎಂದರು ಮುದುಕರು. "ಊರಾಗ ಹುಡುಗ್ರಿಗೆ ಆಟ ಕಲಸ್ತೀನಿ. ನಾಳೆ ಅವರ ಮುಂದ ಯಾವ ಮಾರಿ ಇಟಗೊಂಡು ಕೂಡ್ಲಿ?"

ಆಗ ನನ್ನ ಪಕ್ಕದಿಂದ ಉಜ್ವಲಾಬಾಯಿ ಎದ್ದರು. ಇವರು ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್, ಚಿಕ್ಕೋಡಿಯಲ್ಲಿ ನನ್ನ ನೆರೆಮನೆಯವರು. ಸುತ್ತಲಿನ ಜನ ಬಿಡಿಸಲಾಗದ ಗಂಟುಗಳನ್ನು ತರುವುದು ಇವರ ಬಾಗಿಲಿಗೇ. ನಾನು ರಾಜಾರಾಮ, ನಿವೃತ್ತ ಚಿತ್ರಕಲಾ ಮಾಸ್ತರ, ಅವರನ್ನು ಸ್ಕೂಟರಿನಲ್ಲಿ ಹೊತ್ತು ತಿರುಗುವವ. ಚದುರಂಗದ ಹುಚ್ಚು ನನ್ನದು. ಬಾಯಿಯವರೋ ಬೆಳಗಿನಿಂದ, "ಕುದರಿ ಯಾಕ ಸೊಟ್ಟ ಹೋಗತೈತ್ರಿ, ಮಾಸ್ತರ?" ಎಂದು ಕೇಳಿ ಕೇಳಿ ನನ್ನ ತಲೆ ತಿಂದಿದ್ದರು.

"ಆ ಡಬ್ಬಿ ಹಂಗ ಇರ್ಲಿ," ಎಂದರು. "ಯಾರೂ ಹೊರಗ ಹೋಗಬ್ಯಾಡ್ರಿ. ಮಾಸ್ತರ, ಸಂಜೀಕ ಇವರು ಊಟ ಮಾಡುವಾಗ ಬಾಜೂಕ ನೀವ ಇದ್ರಲ್ಲ? ಏನ ನೋಡಿದ್ರಿ?"

ನೋಡಿದ್ದನ್ನು ಹೇಳಿದೆ. ಭಾವುಸಾಹೇಬರು ಜೈನರು, ಹೊತ್ತು ಮುಳುಗಿದ ಮೇಲೆ ಏನನ್ನೂ ಮುಟ್ಟುವುದಿಲ್ಲ. ಆರನೇ ಸುತ್ತು ಮುಗಿದೊಡನೆ, ಬಿಸಿಲು ಕಿಟಕಿಯಲ್ಲಿದ್ದಾಗಲೇ ಉಂಡರು. ಉಂಡಾದ ಮೇಲೆ ಡಬ್ಬಿಗೆ ತಾವು ತಂದ ಕಾಯಿಸಿದ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದುಬಿಟ್ಟರು. "ಏನ್ರಿ, ತೊಳದ ನೀರೂ ಬಿಡಂಗಿಲ್ಲೇನ?" ಎಂದು ನಾನು ಚೇಷ್ಟೆ ಮಾಡಿದ್ದೆ. "ಹೋದ ಚಾತುರ್ಮಾಸದಾಗ ಮುನಿ ಮಹಾರಾಜರ ಮುಂದ ನೇಮ ತೊಗೊಂಡೀನ್ರಿ. ಒಂದ ಅಗಳೂ ಚೆಲ್ಲಬಾರದು," ಎಂದಿದ್ದರು. ಆಮೇಲೆ ಡಬ್ಬಿ ಒರೆಸಿ ಒಳಗಿಟ್ಟು ಬಂದರು.

ಕೋಣೆಯ ಬಾಗಿಲಲ್ಲಿ ಕಾವಲು ಕೂತಿದ್ದ ಕಾರ್ಯಾಲಯದ ಕಾಶಿಬಾಯಿಯನ್ನು ಉಜ್ವಲಾಬಾಯಿ ಕೇಳಿದರು. ಭಾವುಸಾಹೇಬರು ಹೊರಬಂದ ಮೇಲೆ ಒಳಗೆ ಹೋದವರು ಮೂವರು. ಆಟಗಾರರಾದ ಸಂಗ್ರಾಮ, ರೂಪೇಶ, ಮತ್ತೆ ಅಭಿನಂದನ.

"ಮಧ್ಯಾಹ್ನ ಏನ ಉಂಡ್ರೆಪ್ಪಾ?" ಎಂದು ಉಜ್ವಲಾಬಾಯಿ ಆ ಮೂವರನ್ನು ಕೇಳಿದರು. ಜೀವ ಹೋಗುವ ಹೊತ್ತಿನಲ್ಲಿ ಇದೆಂಥ ಪ್ರಶ್ನೆ ಎಂದು ನನಗೆ ಸಿಟ್ಟೇ ಬಂತು.

"ಇಲ್ಲಿ ಕೊಟ್ಟದ್ದ ರಿ. ಚಪಾತಿ, ಬಟಾಟಿ ಪಲ್ಯ," ಎಂದ ಸಂಗ್ರಾಮ.

"ನಾನೂ ಅದನ್ನ," ಎಂದ ರೂಪೇಶ. "ಉಳ್ಳಾಗಡ್ಡಿ ಬ್ಯಾರೆ ಇಸಗೊಂಡೆ."

"ನಾನು ಮನಿಯಿಂದ ತಂದಿದ್ದೆ. ನಾವು ಬಟಾಟಿ ತಿನ್ನಂಗಿಲ್ಲಲ್ರಿ," ಎಂದ ಅಭಿನಂದನ.

ಉಜ್ವಲಾಬಾಯಿ ಎಲ್ಲರನ್ನೂ ಮೊದಲನೆಯ ಬೋರ್ಡಿನ ಸುತ್ತ ಕರೆದು ಡಬ್ಬಿಯನ್ನು ಅದರ ನಡುವೆ ಇಟ್ಟರು.

"ನನಗ ಈ ಆಟ ತಿಳಿಯಂಗಿಲ್ಲ, ಅಡಿಗಿ ತಿಳೀತೈತಿ," ಎಂದರು. "ಮೊಬೈಲ್ ಮುಂಜಾನಿಂದ ಈ ಡಬ್ಬ್ಯಾಗ ಇತ್ತಂದ್ರ, ಉಣ್ಣುವಾಗ ಮಾಸ್ತರ ಕಣ್ಣಿಗೆ ಬೀಳಬೇಕಿತ್ತು. ಉಂಡ ಮ್ಯಾಲೆ ಕಾಕಾನ ಇಟ್ರಂದ್ರ, ಈ ರೊಟ್ಟಿ ಎಲ್ಲಿಂದ ಬಂತು? ತೊಳದ ನೀರು ಕುಡಿಯೋ ಮನಶ್ಯಾ ಅರ್ಧ ರೊಟ್ಟಿ ಉಳಸ್ತಾನೇನ್ರಿ? ಮೊಬೈಲ್ ಇಟ್ಟಾಂವ ಮುಚ್ಚಿಟ್ಟಂಗ ಕಾಣ್ಲಿ ಅಂತ ಮ್ಯಾಲೆ ತನ್ನ ರೊಟ್ಟಿ ಇಟ್ಟ. ಸದ್ದಾಗಿ ಸಿಕ್ಕಬೀಳ್ಲಿ ಅಂತ ಅಲಾರಂ ಹಚ್ಚಿದ. ಕಾಕಾ ಉಳ್ಳಾಗಡ್ಡಿ, ಬಟಾಟಿ ತಿನ್ನಂಗಿಲ್ಲ ಅನ್ನೂದು ಅವಗ ಗೊತ್ತಿತ್ತು. ನೇಮ ಗೊತ್ತಿರಲಿಲ್ಲ. ಯಾಕಂದ್ರ ಅಂವ ಕಾಕಾನ ಕಡೆ ಕಲಿಯೂದು ಬಿಟ್ಟು ಕೊಲ್ಲಾಪುರದ ಕ್ಲಾಸಿಗೆ ಹೋಗಿ ಎರಡು ವರ್ಷ ಆತು. ಒಳಗ ಹೋದ ಮೂರು ಮಂದ್ಯಾಗ ಮನಿ ಬುತ್ತಿ ತಂದಾಂವ ಒಬ್ಬನ. ಅಭಿನಂದನ, ನಿನ್ನ ಡಬ್ಬಿ ತೊಗೊಂಡ ಬಾ."

ಅವನು ಕದಲಲಿಲ್ಲ. ಸುರಜನೇ ಹೋಗಿ ತಂದ. ಅದರಲ್ಲೂ ಹೆಸರುಕಾಳಿನ ಪಲ್ಯ, ಅರ್ಧ ರೊಟ್ಟಿ. ಬಾಯಿಯವರು ಎರಡು ತುಂಡುಗಳನ್ನು ಬೋರ್ಡಿನ ಮೇಲೆ ಕೂಡಿಸಿದರು. ಹರಿದ ಅಂಚಿಗೆ ಅಂಚು ಕೂತು ಇಡೀ ರೊಟ್ಟಿಯಾಯಿತು.

"ಉಳಿದದ್ದು ಗಂಟಲಾಗ ಇಳೀಲಿಲ್ಲ, ಹೌದಿಲ್ಲೋ?" ಎಂದರು ಮೆಲ್ಲಗೆ.

ಅಭಿನಂದನ ಮುಖ ಮುಚ್ಚಿಕೊಂಡ. "ಕಾಕಾನ ಮುಂದ ಕುಂತ್ರ ನಾ ಸೋಲತೀನಂತ ಗೊತ್ತಿತ್ರಿ," ಎಂದ.

ಅವನನ್ನು ಹೊರಗೆ ಹಾಕಿ ಕಪ್ಪನ್ನು ಭಾವುಸಾಹೇಬರಿಗೆ ಕೊಡಲು ಸುರಜ ಮುಂದಾದ. ಮುದುಕರು ಕೈ ಅಡ್ಡ ಹಿಡಿದರು.

"ಕುಂತಲ್ಲೇ ಬಂದ ಕಪ್ಪು ಅವಗೂ ಬ್ಯಾಡ, ನನಗೂ ಬ್ಯಾಡ. ಶಿಕ್ಷಾ ಆಮ್ಯಾಲ ಕೊಡ್ರಿ. ಮೊದಲ ಗಡಿಯಾರ ಹಚ್ಚರಿ."

ಇಡೀ ಸಭೆ ಎದ್ದು ನಿಂತು ನೋಡಿತು. ಅಭಿನಂದನ ಮೈಮೇಲೆ ಬಂದವನಂತೆ ಆಡಿದ, ನಿಜಕ್ಕೂ ಚೆನ್ನಾಗಿ ಆಡಿದ. ಆದರೆ ಭಾವುಸಾಹೇಬರು ತಮ್ಮ ವಜೀರನನ್ನೇ ಬಲಿಕೊಟ್ಟು, ಎರಡು ಕುದುರೆಗಳಿಂದ ಅವನ ರಾಜನನ್ನು ಮೂಲೆಗೆ ಒತ್ತಿಬಿಟ್ಟರು. ನಾನು ಸಿಳ್ಳೆ ಹೊಡೆದೆ, ಈ ವಯಸ್ಸಿನಲ್ಲಿ, ನಾಚಿಕೆಯಿಲ್ಲದೆ. "ಸೊಟ್ಟ ಹೋದ್ರೂ ಕುದರಿ ಮನಿ ಮುಟ್ಟಿತಲ್ರಿ," ಎಂದರು ಉಜ್ವಲಾಬಾಯಿ.

ಕಪ್ಪಿನ ಜೊತೆ ಯಾರೋ ಪೇಢೆ ಚಾಚಿದರು. ಹೊರಗೆ ಕತ್ತಲಾಗಿತ್ತು. ಭಾವುಸಾಹೇಬರು ಪೇಢೆಯನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು. ತಲೆ ತಗ್ಗಿಸಿ ಕೂತಿದ್ದ ಶಿಷ್ಯನ ಹೆಗಲು ಮುಟ್ಟಿದರು.

"ಮುಂಜಾನೆ ಮನಿಗೆ ಬಾ. ಎಲ್ಲಿ ತಪ್ಪಿದಿ ಅನ್ನೂದು ಬೋರ್ಡ್ ಇಟ್ಟು ತೋರಸ್ತೀನಿ. ಈ ಪೇಢಾದಾಗ ಅರ್ಧ ನಿಂದು."